ಅಗೆ, ಮುಚ್ಚು, ಫೋಟೋ ತೆಗಿ, ಮತ್ತೆ ಅಗೆ

ಮಂಗಳೂರಿನಲ್ಲಿ ನಿರಂತರ ಸುಧಾರಣೆ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಿರಂತರ ಎಂಬುದು ನೂರಕ್ಕೆ ನೂರು ಉಂಟು. ಸುಧಾರಣೆಯ ಬಗ್ಗೆ ಮಾತ್ರ ವರದಿ ಬರಬೇಕಷ್ಟೆ.

ನಮ್ಮ ವಾರ್ಡಿನ ರಸ್ತೆಯನ್ನೇ ನೋಡಿ. ಮೊದಲು ಡಾಂಬರು ಇತ್ತು, ಹೊಂಡ ಬಿತ್ತು, ಹಾಗಾಗಿ ಕಾಂಕ್ರೀಟು ಬಂತು. ಗುದ್ದಲಿ ಪೂಜೆ, ಶಾಲು, ಫ್ಲೆಕ್ಸು ಎಲ್ಲ ಕ್ರಮಪ್ರಕಾರ ನಡೆಯಿತು. ಗೋಣಿ ಹಾಸಿ, ನೀರು ನಿಲ್ಲಿಸಿ, ಕ್ಯೂರಿಂಗ್ ಆಗಲಿ ಎಂದು ವಾರಗಟ್ಟಲೆ ನಾವೆಲ್ಲ ಸುತ್ತುಬಳಸಿ ಓಡಾಡಿದೆವು. ರಸ್ತೆ ಗಟ್ಟಿಯಾಯಿತು. ಎಷ್ಟು ಗಟ್ಟಿ ಎಂದು ನೋಡುವುದಕ್ಕೆ ಬ್ರೇಕರ್ ಮೆಷಿನು ಬಂತು. ಅಡಿಯಲ್ಲಿ ನೀರಿನ ಪೈಪು ಹಾಕುವುದು ಬಾಕಿ ಇತ್ತಂತೆ. ಹಾಕಿದರು, ಮುಚ್ಚಿದರು. ಆಮೇಲೆ ಗ್ಯಾಸಿನವರು ಬಂದರು. ಅವರು ತೆಗೆದ ಗುಂಡಿಯಲ್ಲೇ ಕೇಬಲಿನವರೂ ಕೇಬಲ್ ಎಳೆಯಬಹುದಿತ್ತು. ಆದರೆ ಹಾಗೆ ಮಾಡಿದರೆ ಒಂದು ಸುತ್ತು ಕಡಿಮೆ ಆಗುತ್ತದೆ ಅಲ್ವಾ? ಗ್ಯಾಸಿನವರು ಮುಚ್ಚಿ ಹೋಗುವ ತನಕ ತಾಳ್ಮೆಯಿಂದ ಕಾದು, ಆಮೇಲೆ ಇನ್ನೊಂದು ಬದಿಯಲ್ಲಿ ಅಗೆದರು.

ಹೀಗೆ ಸುತ್ತು ಸುತ್ತಾಗಿ ಕೆಲಸ ಮಾಡುವುದಕ್ಕೆ ಪ್ರಪಂಚದಲ್ಲಿ ದೊಡ್ಡ ಹೆಸರು ಉಂಟು. ಪಿಡಿಸಿಎ (ಪ್ಲಾನ್, ಡು, ಚೆಕ್, ಆಕ್ಟ್) ಎನ್ನುತ್ತಾರೆ. ಯೋಜನೆ ಹಾಕು, ಮಾಡು, ಆದದ್ದನ್ನು ಪರೀಕ್ಷಿಸು, ತಪ್ಪನ್ನು ತಿದ್ದಿಕೊಂಡು ಮುಂದಿನ ಸುತ್ತಿಗೆ ಹೊರಡು. ಬೇರು ಅಮೆರಿಕದ್ದು. ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಶೂಹಾರ್ಟ್ 1939ರಲ್ಲಿ ಬರೆದದ್ದರಲ್ಲಿ ಇದರ ಮೊದಲ ರೂಪ ಸಿಗುತ್ತದೆ. ಅಮೆರಿಕದವರೇ ಆದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಇಂಜಿನಿಯರುಗಳಿಗೂ ಕಂಪನಿ ಯಜಮಾನರಿಗೂ ಪಾಠ ಮಾಡಿದರು. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜನ, ಶ್ರದ್ಧೆಯಿಂದ ಕೇಳಿದರು. ಅದನ್ನೇ ನಾಲ್ಕು ಹೆಜ್ಜೆಯ ಚಕ್ರ ಮಾಡಿಕೊಂಡರು. ಮರುವರ್ಷವೇ ಡೆಮಿಂಗ್ ಹೆಸರಿನಲ್ಲಿ ಬಹುಮಾನವನ್ನೂ ಇಟ್ಟರು. ಡೆಮಿಂಗ್‌ಗೆ ಮಾತ್ರ ಮೂರನೆಯ ಹೆಜ್ಜೆಯ ಬಗ್ಗೆ ಕೊನೆತನಕ ತಕರಾರು. ಸುಮ್ನೆ ಟಿಕ್ ಹಾಕಿದರೆ ಸಾಲದು, ಆದದ್ದರಿಂದ ಏನು ಕಲಿತೆವು ಎಂದು ಕೂತು ನೋಡಬೇಕು ಎನ್ನುತ್ತಿದ್ದರು. ಹೊಸದೇನಿದ್ದರೂ ಮೊದಲು ಸಣ್ಣ ಮಟ್ಟದಲ್ಲಿ ಮಾಡಿ ನೋಡಿ ಎಂಬುದೂ ಅವರ ಪಾಠದಲ್ಲಿತ್ತು.

ಸಣ್ಣ ಮಟ್ಟ! ನಮ್ಮಲ್ಲಿ 'ಪ್ರಾಯೋಗಿಕವಾಗಿ' ಎಂದರೆ ಊರಿನ ನಟ್ಟನಡುವಿನ ಇಡೀ ಹಂಪನಕಟ್ಟೆ. ಒಂದು ಸೋಮವಾರ ಬೆಳಿಗ್ಗೆ ಒನ್ ವೇ ಮಾಡಿ, ಜನ ಆಫೀಸಿಗೆ ಎಲ್ಲಿಂದ ಹೋಗುತ್ತಾರೆ ನೋಡೋಣ ಎಂದು ಕಾಯುವುದು.

ಮೂರನೆಯ ಹೆಜ್ಜೆ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವುದು ಅನ್ಯಾಯ. ಅದನ್ನು ಮಳೆಗೆ ಗುತ್ತಿಗೆ ಕೊಟ್ಟಿದ್ದೇವೆ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಸುರಿಯುವ ಊರು ಇದು. ಜೂನ್ ಬಂತೆಂದರೆ ಎಲ್ಲ ಇಲಾಖೆಗಳ ಎಲ್ಲ ಕಾಮಗಾರಿಯನ್ನೂ ಒಂದೇ ರಾತ್ರಿಯಲ್ಲಿ ತಪಾಸಣೆ ಮಾಡುವ ಅಧಿಕಾರಿ ಈ ಮಳೆ ಒಬ್ಬನೇ. ಅವನಿಗೆ ಜೀಪು ಬೇಡ, ಭತ್ಯೆ ಬೇಡ, ಚಹಾ ಕೂಡ ಬೇಡ. ಕೊಟ್ಟಾರ ಚೌಕಿಯಲ್ಲಿ ಮೊಣಕಾಲಿನ ತನಕ ವರದಿ. ಪಡೀಲಿನ ರೈಲ್ವೆ ಅಂಡರ್‌ಪಾಸ್‌ನಲ್ಲಿ ಇನ್ನೂ ವಿವರವಾದ ವರದಿ. ವರದಿ ಬಂದ ಕೂಡಲೇ ನಾಲ್ಕನೆಯ ಹೆಜ್ಜೆ ಶುರುವಾಗುತ್ತದೆ. ಗಣ್ಯರು ಪಂಚೆ ಎತ್ತಿಕೊಂಡು ನೀರಿಗಿಳಿದು ದೂರಕ್ಕೆ ಬೊಟ್ಟು ಮಾಡುತ್ತಾರೆ. ಮರುದಿನ ಪೇಪರಿನಲ್ಲಿ ಫೋಟೋ. ಕಾರಣವೂ ಅದರಲ್ಲೇ ಇರುತ್ತದೆ: ಅನಿರೀಕ್ಷಿತ ಮಳೆ. ಕರಾವಳಿಯಲ್ಲಿ, ಜೂನ್ ತಿಂಗಳಲ್ಲಿ, ಅನಿರೀಕ್ಷಿತ! ಸೆಪ್ಟೆಂಬರ್ ಹೊತ್ತಿಗೆ ನೀರು ತಾನಾಗಿ ಇಳಿಯುತ್ತದೆ. ಸಮಸ್ಯೆ ಬಗೆಹರಿದಿದೆ ಎಂದು ಫೈಲು ಮುಚ್ಚುತ್ತಾರೆ.

ಪಂಪ್‌ವೆಲ್ ಫ್ಲೈಓವರ್‌ಗೆ ಇಲ್ಲಿ ಪ್ರತ್ಯೇಕ ಗೌರವ ಸಲ್ಲಬೇಕು. ಅದು ಕಡೆಗೂ ತೆರೆದದ್ದು 2020ರ ಜನವರಿ 31ರಂದು. ಅದಕ್ಕೆ ಮೊದಲು ವರ್ಷಗಟ್ಟಲೆ "ಪಂಪ್‌ವೆಲ್ ಫ್ಲೈಓವರ್ ಆದ ಮೇಲೆ ಕೊಡ್ತೇನೆ ಮಾರಾಯ್ರೆ" ಎಂದರೆ ಸಾಲ ಕೊಟ್ಟವರು ಮುಂದೆ ಕೇಳುತ್ತಿರಲಿಲ್ಲ. ಊರಿನ ಜೋಕುಗಳ ಅರ್ಧ ಅದರ ಮೇಲೇ ನಿಂತಿತ್ತು, ಕಂಬಗಳಿಗಿಂತ ಗಟ್ಟಿಯಾಗಿ. ತೆರೆದ ಮೇಲೆ ಮಳೆ ಬಂತು. ಮೇಲೆ ವಾಹನ, ಕೆಳಗೆ ಕೆರೆ. ಎರಡೂ ಒಂದೇ ಖರ್ಚಿನಲ್ಲಿ.

ಖಾಸಗಿಯವರೂ ಏನು ಕಡಿಮೆಯಲ್ಲ. ನನ್ನ ಸ್ನೇಹಿತರೊಬ್ಬರ ಆಫೀಸಿನಲ್ಲಿ (ಹೆಸರು ಬೇಡ, ಅವರಿಗೆ ಇನ್ನೂ ಇನ್‌ಕ್ರಿಮೆಂಟ್ ಆಗಬೇಕು) ಹೋದ ವರ್ಷ ಈ ಚಕ್ರದ ತರಬೇತಿ ನಡೆಯಿತು. ದೊಡ್ಡ ಹೋಟೆಲಿನ ಎಸಿ ಹಾಲ್, ಮಧ್ಯಾಹ್ನಕ್ಕೆ ಕೋರಿ ರೊಟ್ಟಿ, ನಾಲ್ಕು ಗಂಟೆಗೆ ಗೋಳಿಬಜೆ. ಬೆಂಗಳೂರಿನಿಂದ ಬಂದ ತರಬೇತಿಯವರು ಪರದೆಯ ಮೇಲೆ ನಾಲ್ಕು ಬಣ್ಣದ ಚಕ್ರ ತಿರುಗಿಸಿದರು. ಮರುದಿನ ಅದೇ ಚಕ್ರ ಲ್ಯಾಮಿನೇಟ್ ಆಗಿ ಕುಡಿಯುವ ನೀರಿನ ಫಿಲ್ಟರಿನ ಮೇಲೆ ಅಂಟಿತು. ಫಿಲ್ಟರು ಹಾಳಾಗಿ ಆರು ತಿಂಗಳಾಗಿತ್ತು, ಈಗಲೂ ಹಾಗೆಯೇ ಉಂಟು.

ಅಲ್ಲಿಂದ ಶುರುವಾಯಿತು ತಿಂಗಳಿಗೊಂದು ಸುಧಾರಣಾ ಫಾರ್ಮ್. ಪ್ರತಿಯೊಬ್ಬರೂ ಒಂದು ಸಲಹೆ ಬರೆಯಲೇಬೇಕು. ಬರೆಯದವರ ಹೆಸರು ಬೋರ್ಡಿಗೆ. ಅಕೌಂಟ್ಸಿನವರೊಬ್ಬರು ಮೊದಲ ತಿಂಗಳು ಸ್ಟೇಪ್ಲರನ್ನು ಮೇಜಿನ ಎಡಗಡೆಗೆ ಇಟ್ಟು ಕೈ ಚಾಚುವ ಶ್ರಮ ಉಳಿಸಿದರು. ಮುಂದಿನ ತಿಂಗಳು ಅದನ್ನು ಬಲಗಡೆಗೆ ಇಟ್ಟು ಮತ್ತೆ ಉಳಿಸಿದರು. ಅವರಿಗೆ ಪ್ರಶಸ್ತಿಪತ್ರ ಬಂತು. ಪಾಪ, ಡಿಸ್ಪ್ಯಾಚಿನ ಹುಡುಗನೊಬ್ಬ ನಿಜವಾಗಿಯೂ ನಂಬಿ "ಗೋಡೌನಿನ ಮಾಡು ಸೋರುತ್ತದೆ, ಸರಕು ಒದ್ದೆಯಾಗುತ್ತದೆ" ಎಂದು ಬರೆದ. ಫಾರ್ಮ್ ವಾಪಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ ಷರಾ: 'ಇದು ಸುಧಾರಣೆ ಅಲ್ಲ, ದೂರು. ದೂರಿಗೆ ಬೇರೆ ಫಾರ್ಮ್ ಇದೆ.' ಆ ಬೇರೆ ಫಾರ್ಮಿನ ಕಟ್ಟು ಅದೇ ಗೋಡೌನಿನಲ್ಲಿತ್ತು, ಒದ್ದೆಯಾಗಿತ್ತು.

ಟೊಯೋಟಾ ಕಾರ್ಖಾನೆಯಲ್ಲಿ ಏನಾದರೂ ತಪ್ಪು ಕಂಡರೆ ಸಾಮಾನ್ಯ ಕೆಲಸಗಾರನೂ ಹಗ್ಗ ಎಳೆದೋ ಬಟನ್ ಒತ್ತಿಯೋ ಸಹಾಯಕ್ಕೆ ಕರೆಯಬಹುದು. ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ತಪ್ಪು ತೋರಿಸಿದವನಿಗೆ ಬೈಗುಳ ಇಲ್ಲ ಎಂಬುದೇ ಆ ವ್ಯವಸ್ಥೆಯ ಜೀವಾಳ. ನಮ್ಮೂರಿನಲ್ಲಿ ನಿಲ್ಲಿಸುವ ಅಧಿಕಾರ ಸಿಟಿ ಬಸ್ಸಿನ ಕಂಡಕ್ಟರಿಗೆ ಮಾತ್ರ ಇರುವುದು. ಅವನೂ ಅಜ್ಜಿಯ ಒಂದು ಕಾಲು ನೆಲದಲ್ಲಿರುವಾಗಲೇ ಸೀಟಿ ಊದಿ "ರೈಟ್, ಪೋಯಿ" ಎನ್ನುತ್ತಾನೆ.

ಚಕ್ರ ಈಗ ಮನೆಗಳಿಗೂ ಬಂದಿದೆ. ಕದ್ರಿ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರ ಕೈಗಡಿಯಾರ ಹೆಜ್ಜೆ ಎಣಿಸುತ್ತದೆ, ಮೊಬೈಲು ಗ್ರಾಫ್ ಹಾಕುತ್ತದೆ. ಗ್ರಾಫ್ ನೋಡಿ ಸಂತೋಷಪಟ್ಟು ಬನ್ಸ್ ತಿನ್ನುವುದು ನಾಲ್ಕನೆಯ ಹೆಜ್ಜೆ. ಇದನ್ನೆಲ್ಲ ನೋಡುವಾಗ ನೀರ್‌ದೋಸೆ ಹೊಯ್ಯುವ ನಮ್ಮ ಅಮ್ಮಂದಿರ ಮುಂದೆ ಜಪಾನಿನವರು ಏನೂ ಅಲ್ಲ ಅನಿಸುತ್ತದೆ. ಮೊದಲ ದೋಸೆ ಹರಿದರೆ ಹಿಟ್ಟು ನೋಡಿ, ಕಾವಲಿ ನೋಡಿ, ಎರಡನೆಯದಕ್ಕೇ ಸರಿ ಮಾಡುತ್ತಾರೆ. ಪರಿಶೀಲನಾ ಸಭೆ ಕರೆಯುವುದಿಲ್ಲ.

ಉಡುಪಿಯವರು ಇದನ್ನು ಓದಿ ನಗಬೇಕಾಗಿಲ್ಲ. ನಿಮ್ಮಲ್ಲಿ ಯೋಜನೆ ಹಾಕುವುದು ಹೇಗೆ ಎಂದು ಗೊತ್ತಿರುವವರು ಶತಮಾನಗಳಿಂದ ಇದ್ದಾರೆ. ಕೃಷ್ಣಮಠದಲ್ಲಿ ಅಷ್ಟಮಠಗಳ ಪೂಜೆಯ ಸರದಿ ಮೊದಲು ಎರಡೆರಡು ತಿಂಗಳಿಗೆ ಬದಲಾಗುತ್ತಿತ್ತು. ಅದನ್ನು ಎರಡು ವರ್ಷದ ಪರ್ಯಾಯ ಮಾಡಿದವರು ವಾದಿರಾಜರು. ಇದು ಕೂಡ ನಡೆದದ್ದನ್ನು ನೋಡಿ ತಿದ್ದಿಕೊಂಡದ್ದೇ ಅಲ್ವಾ? ಇನ್ನು ತಯಾರಿ ನೋಡಿ. ಸರದಿ ಬರುವ ಮಠದವರು ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ ಮಾಡಿ ಗಿಡ ನೆಡುತ್ತಾರೆ. ಊಟಕ್ಕೆ ಎಲೆ ಬೇಕಲ್ಲ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತದ ಮುಹೂರ್ತ. ಎಲೆ ಹಾಕಿ ಪಾಯಸ ಬಡಿಸಿದ ಮೇಲೆ "ಅಯ್ಯೋ, ಕಟ್ಟಿಗೆ ಮರೆತೆವು, ಎಲೆ ಎತ್ತಿ, ನೆಲ ಅಗೆಯಬೇಕು" ಎಂದು ಯಾರೂ ಹೇಳಿದ್ದಿಲ್ಲ.

ಆದರೆ ಅದೇ ಊರಿನಲ್ಲಿ ರಸ್ತೆಯವರಿಗೆ ಜನವರಿ 18 ಪ್ರತಿ ಸಲವೂ ಹೊಸ ಸುದ್ದಿ. ಎರಡು ವರ್ಷಕ್ಕೊಮ್ಮೆ ಅದೇ ತಾರೀಕಿಗೆ ಬರುವ ಹಬ್ಬಕ್ಕೆ ಡಾಂಬರು ಕೊನೆಯ ವಾರದಲ್ಲಿ, ರಾತ್ರಿಯಲ್ಲಿ, ದೀಪ ಹಾಕಿಕೊಂಡು ಬೀಳುತ್ತದೆ. ಪರ್ಯಾಯ ಮೆರವಣಿಗೆ ಸಾಗುವವರೆಗೆ ನಿಂತರೆ ಸಾಕು. ನಿಲ್ಲುತ್ತದೆ ಕೂಡ.

ಹಾಗಾಗಿ ನನ್ನದೊಂದು ಸಲಹೆ. ಫಾರ್ಮಿನಲ್ಲೇ ಬರೆದು ಕೊಡಲು ಸಿದ್ಧ. ನಮ್ಮ ಯಾವುದಾದರೂ ಸರ್ಕಲಿನಲ್ಲಿ ಈ ಪಿಡಿಸಿಎ ಚಕ್ರದ ಒಂದು ಪ್ರತಿಮೆ ನಿಲ್ಲಿಸಬೇಕು. ಸರ್ಕಲಿಗೆ ಹೆಸರಿಡುವ ಜಗಳದಲ್ಲಿ ಹೇಗೂ ಕೆಲವು ವರ್ಷ ಹೋಗುತ್ತದೆ, ಅಷ್ಟರಲ್ಲಿ ಟೆಂಡರ್ ಮುಗಿಸಬಹುದು. ಟ್ರಾಫಿಕ್ಕಿಗೆ ಅಡ್ಡ ಎಂದು ಆಮೇಲೆ ಕೆಡವಬೇಕಾಗಿ ಬಂದರೆ ಚಿಂತೆ ಬೇಡ. ಹಂಪನಕಟ್ಟೆಯ ಗಡಿಯಾರ ಗೋಪುರವನ್ನೂ ರಸ್ತೆಗಾಗಿ ಕೆಡವಿದ್ದರು, ವರ್ಷಗಳ ನಂತರ ಸ್ಮಾರ್ಟ್ ಸಿಟಿಯ ದುಡ್ಡಿನಲ್ಲಿ ಮತ್ತೆ ಅಲ್ಲೇ ಕಟ್ಟಿದರು. ಅನುಭವ ಉಂಟು. ಪ್ರತಿಮೆ ಒಂದೇ ಕಡೆಗೆ ತಿರುಗುವ ಹಾಗಿರಲಿ, ದೀಪ ಇರಲಿ, ಉದ್ಘಾಟನೆಯ ಕಲ್ಲಿನಲ್ಲಿ ಹೆಸರುಗಳಿಗೆ ಜಾಗ ಜಾಸ್ತಿ ಇರಲಿ. ಅಡಿಪಾಯ ಮಾತ್ರ ತೀರಾ ಆಳ ಬೇಡ. ಅಲ್ಲಿ ಯಾರ ಪೈಪು ಉಂಟೆಂದು ಕೇಳಿದರೆ, ಗೊತ್ತಿರುವವರು ಹೋದ ವರ್ಷವೇ ರಿಟೈರ್ ಆಗಿದ್ದಾರಂತೆ.