ಬೀದಿಗೆ ಕನ್ನಡಿಯಂಥ ನುಣುಪು ಯಾಕೆ?

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ವಿನೋಬನಗರದಲ್ಲಿ, ಈಗ ಇರುವುದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಎರಡೂ ಕಡೆ ಮನೆ ಮುಂದೆ ಕಾಂಕ್ರೀಟ್ ಹಾಕುವುದನ್ನು ನಿಂತು ನೋಡಿದ್ದೇನೆ.

ಊರಲ್ಲಿ ನೋಡಿದ್ದು ಏಪ್ರಿಲ್ ತಿಂಗಳಲ್ಲಿ. ಮಧ್ಯಾಹ್ನ ಎರಡು ಗಂಟೆ, ನೆತ್ತಿ ಸುಡುವ ಬಿಸಿಲು. ಪಟ್ಟಿ ಎಳೆದು ಮಟ್ಟ ಮಾಡಿದ ಮೇಲೆ ಮೇಲುಗಡೆ ತೆಳ್ಳಗೆ ನೀರು ನಿಂತಿತ್ತು. ಮೇಸ್ತ್ರಿ ಒಂದು ಬಾಂಡ್ಲಿ ತುಂಬ ಒಣ ಸಿಮೆಂಟ್ ಇಟ್ಟುಕೊಂಡು, ರಂಗೋಲಿ ಪುಡಿ ಉದುರಿಸುವ ಹಾಗೆ ಅದರ ಮೇಲೆ ಉದುರಿಸಿ, ಕರಣೆಯಿಂದ ತಿಕ್ಕುತ್ತಿದ್ದರು. ಯಾಕಣ್ಣ ಪುಡಿ ಅಂತ ಕೇಳಿದೆ. "ನೀರು ನಿಂತೈತಲ್ಲ ಸರ್, ಪುಡಿ ಹಾಕಿದ್ರೆ ಬೇಗ ಎಳ್ಕಂತೈತಿ. ಕನ್ನಡಿ ತರ ಮಾಡಿಕೊಡ್ತೀವಿ ನೋಡ್ರಿ" ಅಂದರು. ಹಾಗೇ ಮಾಡಿಕೊಟ್ಟರು. ಓಣಿಯವರೆಲ್ಲ ಮೆಚ್ಚಿಕೊಂಡೆವು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಕನ್ನಡಿ ಹಪ್ಪಳದ ಹಾಗೆ ಎದ್ದು ಬಂತು. ಕೆಳಗಿನ ಜಲ್ಲಿ ಕಾಣುತ್ತಿದೆ, ಸ್ಕೂಟರ್ ಹೋದರೆ ಬೂದು ಧೂಳು ಏಳುತ್ತದೆ. ಅದಕ್ಕೂ ಮೊದಲು, ಇನ್ನೂ ನುಣ್ಣಗಿದ್ದಾಗಲೇ, ಒಂದು ದಿನ ಮಳೆಯಲ್ಲಿ ಹಾಲು ತರಲು ಹೋದ ಅಮ್ಮ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಕೊಲಂಬಸ್‌ನಲ್ಲಿ ನಮ್ಮ ಬೀದಿಯ ಒಂದು ತುಂಡು ಕಿತ್ತು ಹೊಸದಾಗಿ ಹಾಕಿದರು. ಬೆಳಿಗ್ಗೆ ಏಳಕ್ಕೇ ಶುರು. ಮಟ್ಟ ಮಾಡಿ, ಉದ್ದ ಹಿಡಿಕೆಯ ಅಗಲವಾದ ಹಲಗೆ ಒಮ್ಮೆ ಆಡಿಸಿ, ಆಮೇಲೆ ಏನೂ ಮಾಡದೆ ಸುಮ್ನೆ ನಿಂತರು. ಒಂದು ಗಂಟೆಗೂ ಜಾಸ್ತಿ. ಅವರಲ್ಲಿ ಹಿರಿಯ ಕೆಲಸಗಾರ ಆಗಾಗ ಕುಕ್ಕರುಗಾಲಲ್ಲಿ ಕೂತು, ತಲೆ ಓರೆ ಮಾಡಿ ಮೇಲಿನ ಹೊಳಪು ನೋಡುತ್ತಿದ್ದ. ಆ ಒದ್ದೆ ಹೊಳಪು ಪೂರ್ತಿ ಹೋದ ಮೇಲೆ ಹೆಬ್ಬೆರಳು ಒತ್ತಿ ನೋಡಿ, ಅಂಚು ತಿದ್ದಿ, ಅಗಲವಾದ ಪೊರಕೆಯನ್ನು ರಸ್ತೆಗೆ ಅಡ್ಡಲಾಗಿ ಒಂದೇ ಎಳೆತಕ್ಕೆ ಎಳೆದ. ಪ್ರತಿ ಸಲ ಎಳೆದು ಪೊರಕೆ ತೊಳೆಯುತ್ತಿದ್ದ. ಸಣ್ಣ ಸಣ್ಣ ಗೆರೆಗಳು ಮೂಡಿದವು. ಟೈರು, ಕಾಲು ಎರಡಕ್ಕೂ ಹಿಡಿತ ಸಿಗುವುದು ಆ ಗೆರೆಗಳಿಂದಲೇ.

ಅಮೆರಿಕದ ಮೊದಲ ಕಾಂಕ್ರೀಟ್ ಬೀದಿ ಹಾಕಿದ್ದು ಇದೇ ರಾಜ್ಯದ ಬೆಲ್‌ಫೌಂಟನ್ ಎಂಬ ಊರಲ್ಲಿ, 1891ರಲ್ಲಿ. ಆಗಲೇ ಕುದುರೆ ಗೊರಸು ಜಾರದಿರಲಿ ಅಂತ ಮೇಲೆ ಚೌಕ ಚೌಕವಾಗಿ ಗೀರು ಹಾಕಿದ್ದರಂತೆ.

ಕಾಂಕ್ರೀಟ್ ಸುರಿದ ಮೇಲೆ ಜಲ್ಲಿ, ಮರಳು, ಸಿಮೆಂಟ್ ಕೆಳಗೆ ಕೂರುತ್ತವೆ, ನೀರು ಮೇಲೆ ಬರುತ್ತದೆ. ಅದು ಆರುವ ಮೊದಲೇ ಕರಣೆ ಆಡಿಸಿದರೆ ಆ ನೀರು ಮೇಲ್ಪದರದಲ್ಲೇ ಸೇರಿಕೊಂಡು, ಗಾಡಿ ಉಜ್ಜುವ ಜಾಗವೇ ಎಲ್ಲಕ್ಕಿಂತ ಮೆತ್ತಗಾಗುತ್ತದೆ. ಪುಡಿ ಹಾಕಿದರೆ ನೀರು ಆರಿದಂತೆ ಕಾಣುತ್ತದೆ ಅಷ್ಟೇ. ತೆಳು ಚಿಪ್ಪೊಂದು ಮೇಲೆ ಕೂತು ಆಮೇಲೆ ಕಳಚಿಕೊಳ್ಳುತ್ತದೆ. ತಿಕ್ಕುವಾಗ ಚೊಂಬಿನಿಂದ ನೀರು ಚಿಮುಕಿಸಿದರೂ ಇದೇ ಕತೆ.

ಒಹಾಯೊದಲ್ಲಿ ಇರುವುದು ಹಿಮದ ಕಾಟ, ನಮಗೆ ಬಿಸಿಲಿನದು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಮೇಲ್ಭಾಗ ಬೇಗ ಒಣಗಿ ಒಳಗೆ ಇನ್ನೂ ಹಸಿ ಇರುತ್ತದೆ, ಗಾಳಿಯೂ ಸೇರಿದರೆ ಅವತ್ತೇ ಕೂದಲೆಳೆಯಂಥ ಬಿರುಕು ಬೀಳುತ್ತವೆ. ಹಾಗಾಗಿ ಒಹಾಯೊದ ಗಡಿಯಾರ ನಮ್ಮೂರಿಗೆ ಆಗಿಬರುವುದಿಲ್ಲ. ಬೆಳಕು ಹರಿಯುತ್ತಲೇ ಸುರಿದು ಬಿಸಿಲೇರುವ ಮುಂಚೆ ಮುಗಿಸಬೇಕು. ಬಿರುಕು ನಾವು ಹೇಳಿದ ಕಡೆಯೇ ಬೀಳಲಿ ಅಂತ ರಸ್ತೆಗೆ ಅಡ್ಡ ಗೀಟು ಕೊಯ್ಯುತ್ತಾರಲ್ಲ, ಅದನ್ನು ನಮ್ಮ ಓಣಿಯಲ್ಲಿ ಮೂರು ದಿನ ಬಿಟ್ಟು ಮಾಡಿದರು. ಅಷ್ಟರಲ್ಲಿ ರಸ್ತೆ ತನಗೆ ಬೇಕಾದ ಕಡೆ ಸೀಳಿತ್ತು.

ಒಂದು ವಿಷಯದಲ್ಲಿ ಮಾತ್ರ ನಮ್ಮವರ ಪದ್ಧತಿಯೇ ನನಗೆ ಹೆಚ್ಚು ಇಷ್ಟ. ಕೊಲಂಬಸ್‌ನಲ್ಲಿ ಒಳಗಿನ ನೀರು ಆರಿಹೋಗದಿರಲಿ ಅಂತ ಬಿಳಿ ದ್ರಾವಣ ಸಿಂಪಡಿಸಿ ಹೊರಟುಬಿಡುತ್ತಾರೆ. ನಮ್ಮಲ್ಲಿ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ, ಇಲ್ಲವೇ ಗೋಣಿಚೀಲ ಹಾಸಿ ನೆನೆಸುತ್ತಾರೆ. ಸರಿಯಾಗಿ ಮಾಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ರಸ್ತೆ ಕಾಂಕ್ರೀಟಿಗೆ 14 ದಿನ ನೀರುಣಿಸಬೇಕು ಅಂತ ನಮ್ಮ ದೇಶದ ನಿಯಮವೇ ಹೇಳುತ್ತದೆ. ನಮ್ಮ ಓಣಿಗೆ ಟ್ಯಾಂಕರ್ ಬಂದದ್ದು ನಾಲ್ಕು ದಿನ.

ಮುಂದಿನ ತಿಂಗಳು ಊರಲ್ಲಿ ನಮ್ಮ ಮನೆ ಹಿಂದಿನ ಅಡ್ಡರಸ್ತೆಗೆ ಕಾಂಕ್ರೀಟ್ ಹಾಕುತ್ತಾರಂತೆ. ಪೊರಕೆ ನಾನೇ ಕೊಡಿಸುತ್ತೇನೆ, ಸಿಮೆಂಟ್ ಪುಡಿ ಮಾತ್ರ ಹಾಕಲು ಬಿಡಬೇಡ ಅಂತ ತಮ್ಮನಿಗೆ ಫೋನ್ ಮಾಡಿ ಹೇಳಿದ್ದೇನೆ. ಅಮ್ಮ ದಿನಾ ದೇವಸ್ಥಾನಕ್ಕೆ ಹೋಗುವುದು ಅದೇ ದಾರಿಯಲ್ಲಿ.