ಎಷ್ಟು ಹೊತ್ತು ಅನ್ನುವ ಮೊದಲು ಎಷ್ಟು ದೂರ ಅಂತ ನೋಡಿ

ಮುಂಬೈಯ ನಮ್ಮ ಕನ್ನಡದ ಮನೆಗಳಲ್ಲಿ ದಿನಾ ಸಂಜೆ ಒಂದೇ ಜಗಳ. "ಸಾಕು ಮಾರಾಯ, ಮೊಬೈಲ್ ಇಡು." "ಇನ್ನೈದೇ ನಿಮಿಷ ಅಮ್ಮಾ." ಈ ಚೌಕಾಶಿಯಲ್ಲಿ ನಮ್ಮ ಕಣ್ಣೆಲ್ಲ ಗಡಿಯಾರದ ಮೇಲೆ. ಮಗು ಮಂಚದ ಮೇಲೆ ಅಂಗಾತ ಮಲಗಿ, ಮೊಬೈಲನ್ನು ಮೂಗಿನಿಂದ ಒಂದು ಗೇಣೂ ಇಲ್ಲದಷ್ಟು ಹತ್ತಿರ ಹಿಡಿದಿರುವುದನ್ನು ಯಾರೂ ಗಮನಿಸುವುದಿಲ್ಲ.

ಹತ್ತಿರದ್ದನ್ನು ನೋಡಬೇಕಾದರೆ ಕಣ್ಣು ತನ್ನೊಳಗಿನ ಮಸೂರವನ್ನು ಉಬ್ಬಿಸಬೇಕು. ಈ ಶ್ರಮವನ್ನೂ ಕನ್ನಡಕದ ನಂಬರನ್ನೂ ಅಳೆಯುವುದು ಡಯಾಪ್ಟರಿನಲ್ಲಿ. 3 ಮೀಟರ್ ಆಚೆಯ ಟಿವಿಗೆ ಬೇಕಾದ ಶ್ರಮ ಒಂದು ಡಯಾಪ್ಟರಿನ ಮೂರನೇ ಒಂದು ಪಾಲು. 40 ಸೆಂಟಿಮೀಟರ್ ದೂರದ ಪುಸ್ತಕಕ್ಕೆ 2.5. 15 ಸೆಂಟಿಮೀಟರ್ ದೂರದ ಮೊಬೈಲಿಗೆ ಸುಮಾರು 6.7. ಅದೇ ಕಾರ್ಟೂನು, ಅದೇ ಅರ್ಧ ಗಂಟೆ, ದುಡಿಮೆ ಮಾತ್ರ ಟಿವಿಯ 20 ಪಟ್ಟು! ತೋರಿಸಲೇಬೇಕಾದರೆ ಟಿವಿಗೆ ಹಾಕಿ ತೋರಿಸಿ. ಪುಸ್ತಕವಾದರೆ ನ್ಯಾಯ, ಮೊಬೈಲಾದರೆ ಅನ್ಯಾಯ ಅನ್ನುವ ಭೇದ ಕಣ್ಣಿಗೆ ಗೊತ್ತಿಲ್ಲ. ಹೋಂವರ್ಕಿನ ಮೇಲೆ ತಲೆ ಬಗ್ಗಿಸಿ ಕೂತರೂ ಕಷ್ಟ ಒಂದೇ. ಮಗು ಮೊಣಕೈಯನ್ನು ಮೇಜಿಗೆ ಊರಿ ಮುಷ್ಟಿಯನ್ನು ಗಲ್ಲಕ್ಕೆ ತಾಗಿಸಲಿ. ಪುಸ್ತಕಕ್ಕೂ ಮುಖಕ್ಕೂ ಕನಿಷ್ಠ ಅಷ್ಟು ಅಂತರ ಇರಬೇಕು.

ಸದಾ ಹತ್ತಿರದ್ದನ್ನೇ ನೋಡುವ ಮಕ್ಕಳ ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವ ಸಂಭವ ಹೆಚ್ಚು, ಭಯ ಇರುವುದು ಅಲ್ಲಿ. ಹುಟ್ಟುವಾಗ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರಾಗುವಾಗ 23-24. ಬೇಕಾದ್ದಕ್ಕಿಂತ ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ದೂರದ್ದು ಮಬ್ಬಾಗಿ, ಮೈನಸ್ 2.5ರಿಂದ 3ರವರೆಗೆ ನಂಬರ್ ಬರುತ್ತದೆ. ಹಾಗೆ ಉದ್ದವಾದ ಕಣ್ಣನ್ನು ಕ್ಯಾರೆಟ್ ಆಗಲಿ ಕಣ್ಣಿನ ವ್ಯಾಯಾಮವಾಗಲಿ ಗಿಡ್ಡ ಮಾಡುವುದಿಲ್ಲ. ಮುಂದೆ ಲೇಸರ್ ಮಾಡಿಸಿದರೂ ಸರಿಯಾಗುವುದು ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ ಮಾತ್ರ. ಹಿಂದೆ ಎಳೆದುಕೊಂಡು ತೆಳ್ಳಗಾದ ರೆಟಿನಾದ (ಚಿತ್ರ ಮೂಡುವ ಪರದೆಯ) ಅಪಾಯ ಹಾಗೇ ಉಳಿಯುತ್ತದೆ. ಮೈನಸ್ 6 ದಾಟದಂತೆ ಕಾಯಬೇಕು ಅನ್ನುವುದು ಇದಕ್ಕೇ.

ಈ ಬೆಳವಣಿಗೆಗೆ ಕಡಿವಾಣ ಹಾಕುವ ಒಂದು ವಸ್ತು ನಮಗೆ ಪುಕ್ಕಟೆ ಸಿಗುತ್ತದೆ, ಹಗಲಿನ ಬೆಳಕು. ಟ್ಯೂಬ್‌ಲೈಟ್ ಹಾಕಿದ ಹಾಲಿನಲ್ಲಿ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಇದ್ದರೆ ಹೆಚ್ಚು. ಮಧ್ಯಾಹ್ನದ ಬಿಸಿಲಿನಲ್ಲಿ ಸುಮಾರು 1 ಲಕ್ಷ, ಮರದ ನೆರಳಿನಲ್ಲೂ ಸಾವಿರಗಟ್ಟಲೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, 3 ವರ್ಷದೊಳಗೆ ಹೊಸದಾಗಿ ಮೈನಸ್ ನಂಬರ್ ಬಂದವರು ಹೊರಗೆ ಹೋದವರಲ್ಲಿ ಶೇ. 30.4, ಉಳಿದವರಲ್ಲಿ ಶೇ. 39.5. ಗುರಿ ದಿನಕ್ಕೆ ಎರಡು ಗಂಟೆ ಇರಲಿ, ಒಂದೇ ಸಲಕ್ಕೆ ಆಗಬೇಕೆಂದೇನಿಲ್ಲ. ನಂಬರ್ ಬಂದಾದ ಮೇಲೆ ಬೆಳಕಿನ ಪ್ರಯೋಜನ ಕಡಿಮೆ, ಅದಕ್ಕೇ ಐದಾರು ವರ್ಷದಲ್ಲೇ ಶುರು ಮಾಡಬೇಕು.

ಮಾಟುಂಗಾದ ಫೈವ್ ಗಾರ್ಡನ್ಸ್, ದಾದರಿನ ಶಿವಾಜಿ ಪಾರ್ಕ್ ಹತ್ತಿರ ಇರುವವರು ಪುಣ್ಯವಂತರು. ಡೊಂಬಿವಲಿ, ಮೀರಾ ರೋಡ್ ಕಡೆ ಕಿಟಕಿ ತೆಗೆದರೆ ಎದುರಿನ ಬಿಲ್ಡಿಂಗಿನ ಗೋಡೆ, ಕೆಳಗಿಳಿದರೆ ಕಾಂಪೌಂಡ್ ತುಂಬ ಕಾರು. ಅದರ ಮೇಲೆ ಇಲ್ಲಿ ಆಡಬಾರದೆಂಬ ಬೋರ್ಡು ಬೇರೆ. ಸೊಸೈಟಿ ಮೀಟಿಂಗಿನಲ್ಲಿ ಪಾರ್ಕಿಂಗಿಗೆ ಜಗಳ ಆಡುವಷ್ಟೇ ಗಟ್ಟಿಯಾಗಿ ಆ ಬೋರ್ಡಿನ ಬಗ್ಗೆ ಮಾತಾಡಿ, ದಯವಿಟ್ಟು. ಶಾಲೆಗೆ ರಿಕ್ಷಾ ಬಿಟ್ಟು ನಡೆಸಿ. ಮಳೆಗಾಲದ ನಾಲ್ಕು ತಿಂಗಳು ಮಳೆ ಬಿಟ್ಟ ಗಳಿಗೆಯಲ್ಲೆಲ್ಲ ಕೆಳಗೆ ಕಳಿಸಿ; ಮೋಡ ಕವಿದ ಹಗಲೂ ನಮ್ಮ ಟ್ಯೂಬ್‌ಲೈಟಿಗಿಂತ ಎಷ್ಟೋ ಮೇಲು.

ಕನ್ನಡಕದ ಅಂಗಡಿಯಲ್ಲಿ ಸ್ಕ್ರೀನಿನ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಗ್ಲಾಸಿಗೆ ಹೆಚ್ಚಿನ ದುಡ್ಡು ಕೊಡಬೇಡಿ. ಸ್ಕ್ರೀನಿನಿಂದ ಆಗುವ ಕಣ್ಣಿನ ಆಯಾಸ ಅದರಿಂದ ಕಡಿಮೆಯಾಗುವ ಲಕ್ಷಣ ಇಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕೊಕ್ರೇನ್ ವಿಮರ್ಶೆ ಹೇಳಿದೆ. ಕಣ್ಣು ಉರಿಯುವುದಕ್ಕೆ ದೊಡ್ಡ ಕಾರಣ ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುವುದು. 20 ನಿಮಿಷಕ್ಕೊಮ್ಮೆ 20 ಸೆಕೆಂಡು ಕಿಟಕಿಯಾಚೆ ದೂರ ನೋಡಿಸಿ, ನಾಲ್ಕು ಸಲ ಕಣ್ಣು ಮುಚ್ಚಿ ತೆರೆಸಿ.

ಆ ದುಡ್ಡನ್ನು ಕಣ್ಣಿಗೆ ಹನಿ ಹಾಕಿ ನಂಬರ್ ನೋಡುವ ಪರೀಕ್ಷೆಗೆ ಇಡಿ. ಮಕ್ಕಳ ಕಣ್ಣಿನ ಸ್ನಾಯುವಿಗೆ ಬಲ ಜಾಸ್ತಿ. ಮೆಷಿನ್ ಒಳಗೆ ನೋಡುವಾಗ ಅದು ಬಿಗಿಹಿಡಿದುಕೊಳ್ಳುತ್ತದೆ, ಇಲ್ಲದ ಮೈನಸ್ ತೋರಿಸುತ್ತದೆ. ಸೈಕ್ಲೊಪೆಂಟೊಲೇಟ್ ಹನಿ ಆ ಬಿಗಿತ ಬಿಡಿಸುತ್ತದೆ. ಸುಮಾರು ಒಂದು ದಿನ ಹತ್ತಿರದ್ದು ಮಬ್ಬು, ಬಿಸಿಲು ಕುಕ್ಕುತ್ತದೆ. ಶನಿವಾರ ಹೋಗಿ, ಟೋಪಿ ಒಯ್ಯಿರಿ. ಬಂದ ನಂಬರನ್ನು ಪೂರ್ತಿ ಹಾಕಿಸಿ. ಕಡಿಮೆ ನಂಬರಿನ ಕನ್ನಡಕ ಕೊಟ್ಟರೆ ಕಣ್ಣು ಸೋಮಾರಿಯಾಗುವುದಿಲ್ಲ ಅನ್ನುವ ನಂಬಿಕೆ ತಪ್ಪು. ವರ್ಷ ವರ್ಷ ನಂಬರ್ ಏರುತ್ತಿದ್ದರೆ ಆ ಏರಿಕೆಯನ್ನು ನಿಧಾನಿಸಲು ಕೊಡುವ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಯ ಬಗ್ಗೆ ಡಾಕ್ಟರನ್ನು ಕೇಳಿ.

ಇವತ್ತೇ ಮನೆಯಲ್ಲಿ ಒಂದು ಕೆಲಸ ಮಾಡಬಹುದು. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಿಂದ ಹತ್ತು ಅಡಿ ದೂರ ಮಗುವನ್ನು ನಿಲ್ಲಿಸಿ, ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಒತ್ತಬೇಡಿ, ಬೆರಳ ಸಂದಿಯಿಂದ ಇಣುಕಲು ಬಿಡಬೇಡಿ. ಎಷ್ಟು ಚಿಕ್ಕ ಅಕ್ಷರದವರೆಗೆ ಓದುತ್ತದೆ ನೋಡಿ, ಆಮೇಲೆ ಇನ್ನೊಂದು ಕಣ್ಣು. ಒಂದು ಕಣ್ಣು ಸರಿಯಿದ್ದರೆ ಮಗು ಏನೂ ಹೇಳುವುದಿಲ್ಲ, ಅದರಲ್ಲೇ ಎಲ್ಲ ನಡೆಸಿಬಿಡುತ್ತದೆ. ಇನ್ನೊಂದು ಸದ್ದಿಲ್ಲದೆ ಮಂದವಾಗುತ್ತದೆ. ಏಳೆಂಟು ವರ್ಷದೊಳಗೆ ಹಿಡಿದರೆ ಒಳ್ಳೆ ಕಣ್ಣಿಗೆ ಪಟ್ಟಿ ಕಟ್ಟಿ ಮಂದ ಕಣ್ಣನ್ನು ದುಡಿಸಿ ಸರಿಪಡಿಸಬಹುದು, ಆಮೇಲೆ ಬಹಳ ಕಷ್ಟ. ಎರಡೂ ಕಣ್ಣಿನ ಓದಿನಲ್ಲಿ ವ್ಯತ್ಯಾಸ ಕಂಡರೆ ಇದೇ ವಾರ ಡಾಕ್ಟರಿಗೆ ತೋರಿಸಿ, ಶಾಲೆಯ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ.