ಸ್ಟ್ರಿಪ್ ಇಲ್ಲದ ಸಹಭಾಗಿತ್ವ

ನವೆಂಬರ್ 14ರ ಮಧುಮೇಹ ದಿನ ಸಾಂಗವಾಗಿ ಮುಗಿಯಿತು. ಬೆಳಿಗ್ಗೆ ಆರೂವರೆಗೆ ನಡಿಗೆ, ಎಲ್ಲರಿಗೂ ಬಿಳಿ ಟೀ ಶರ್ಟು, ‘ಸಮುದಾಯ ಸಹಭಾಗಿತ್ವದಲ್ಲಿ ಮಧುಮೇಹ ಮುಕ್ತ ತಾಲ್ಲೂಕು’ ಎಂಬ ಬ್ಯಾನರು, ಅದರ ತುಂಬ ಕೈಮುಗಿದವರ ಫೋಟೊಗಳು. ಕೊನೆಗೆ ಚೌಚೌಬಾತ್. ತಪಾಸಣೆಯ ಮೇಜು ಅದರ ಮಗ್ಗುಲಿಗೇ. ಕೇಸರಿಬಾತ್ ತಿಂದ ಬೆರಳನ್ನು ಪ್ಯಾಂಟಿಗೆ ಒರೆಸಿ ಮುಂದೆ ಚಾಚಿದರೆ ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್ ಅಳೆಯುವುದು ಅಡುಗೆಭಟ್ಟರ ಕೈಗುಣವನ್ನೂ ಸೇರಿಸಿ. ಸೋಪು ಹಚ್ಚಿ ತೊಳೆದು, ಒಣಗಿಸಿ ಚುಚ್ಚಬೇಕು. ಹೆಚ್ಚು ಬಂದರೆ ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ ಸಕ್ಕರೆ 126 ದಾಟುತ್ತದೆಯೇ ನೋಡಬೇಕು. ಅಷ್ಟೆಲ್ಲ ಮಾಡುತ್ತ ಕೂತರೆ ಸಂಜೆಯ ಪ್ರೆಸ್ ನೋಟಿಗೆ ಅಂಕಿ ಸಿಗುವುದು ಹೇಗೆ?

ಅದೇ ದಿನ ಮಕ್ಕಳ ದಿನಾಚರಣೆಯೂ ಹೌದು. ಪಕ್ಕದ ಶಾಲೆಯಲ್ಲಿ ಚಾಕೊಲೇಟ್ ಹಂಚಿಕೆ. ಮುಂದಿನ ಪೀಳಿಗೆಯ ಶಿಬಿರಕ್ಕೆ ಜನ ಕಮ್ಮಿಯಾಗದಂತೆ ಈಗಲೇ ವ್ಯವಸ್ಥೆ! ಅಂದ ಹಾಗೆ ಮಧುಮೇಹ ದಿನಕ್ಕೆ ಆ ತಾರೀಖು ಬಂದಿದ್ದು ಇನ್ಸುಲಿನ್ ಕಂಡುಹಿಡಿದವರಲ್ಲೊಬ್ಬನಾದ ಫ್ರೆಡೆರಿಕ್ ಬ್ಯಾಂಟಿಂಗ್ ಹುಟ್ಟಿದ ದಿನವೆಂದು. ಅದರ ಪೇಟೆಂಟನ್ನು ಅವನೂ ಜೊತೆಗಾರರೂ 1923ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. ಪಾಪ, ಬ್ಯಾನರಿನಲ್ಲಿ ಫೋಟೊ ಹಾಕಿಸಿಕೊಳ್ಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಈಗ ಸಹಭಾಗಿತ್ವಕ್ಕೆ ಬರೋಣ. ಕಂಪನಿ ಮಷೀನು ಕೊಡುತ್ತದೆ, ಇಲಾಖೆ ಶಾಲು ಹೊದಿಸುತ್ತದೆ. ಮಷೀನಿನ ಜೊತೆ, ರಕ್ತದ ಹನಿ ತಾಕಿಸುವ ಸ್ಟ್ರಿಪ್ ಒಂದು ಡಬ್ಬಿ ಉಚಿತ. ಅದು ತೀರುತ್ತ ಬಂದ ಮೇಲೆ ಸರಬರಾಜಾಗುವ ಸ್ಟ್ರಿಪ್ ಬೇರೆ ಕಂಪನಿಯದು, ಈ ಮಷೀನಿಗೆ ಹೋಗುವುದಿಲ್ಲ. ಉಳಿದ ನಾಲ್ಕಾರು ಸ್ಟ್ರಿಪ್ಪೂ, ಮುಚ್ಚಳ ಸಡಿಲವಿದ್ದರೆ, ತೇವ ಹಿಡಿದು ಸುಳ್ಳು ಹೇಳುತ್ತವೆ. ಮಷೀನು ಬೀರು ಸೇರುತ್ತದೆ; ದಾಸ್ತಾನು ಪುಸ್ತಕದಲ್ಲಿ ಮಾತ್ರ ಸುಸ್ಥಿತಿಯಲ್ಲಿರುತ್ತದೆ.

ಬಿಪಿಯದು ಇನ್ನೂ ಸೊಗಸು. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಬರಿ ತೋಳಿಗೆ ಬಿಪಿ ಮಷೀನಿನ ಪಟ್ಟಿ, ಅಂದರೆ ಕಫ್, ಕಟ್ಟಬೇಕು. ಶಿಬಿರದಲ್ಲಿ ಕ್ಯೂನಲ್ಲಿ ನಿಂತು ಬಂದವನ ಅಂಗಿಯ ಮೇಲೇ ಕಟ್ಟುತ್ತಾರೆ. ಅವನು ಆಗಲೂ ಮೊಬೈಲಿನಲ್ಲಿ ಸಾಲಗಾರನ ಜೊತೆ ಜಗಳವಾಡುತ್ತಿರುತ್ತಾನೆ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಬಿಪಿ ಇಲ್ಲದವನಿಗೂ ಬರುತ್ತದೆ.

ಆಮೇಲೆ, ಯಾರಿಗೆ ಅಪಾಯ ಹೆಚ್ಚೆಂದು ಅಂಕ ಹಾಕುವ ಆಶಾ ಕಾರ್ಯಕರ್ತೆಯ ಫಾರ್ಮು. ಸೊಂಟದ ಸುತ್ತಳತೆ, ತಂಬಾಕು, ಕುಡಿತ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೇ. ಅಂಕ ನಾಲ್ಕು ದಾಟಿದರೆ ಮೊದಲು ಅವರ ತಪಾಸಣೆ. ‘ವಾರಕ್ಕೆ 150 ನಿಮಿಷ ದೈಹಿಕ ಚಟುವಟಿಕೆ ಇದೆಯಾ ಅಕ್ಕಾ?’ ಎಂದರೆ ಇಟ್ಟಿಗೆ ಹೊತ್ತು ಬಂದವಳು, ‘ವಾಕಿಂಗಾ? ಅದಕ್ಕೆಲ್ಲಿ ಪುರುಸೊತ್ತವ್ವಾ!’ ಅನ್ನುತ್ತಾಳೆ. ಹಾಗೇ ಬರೆದುಕೊಂಡರೆ ಅವಳು ಸೋಮಾರಿಯ ಲೆಕ್ಕಕ್ಕೆ. ಆಭಾ ಎಂಬ ಆರೋಗ್ಯ ಖಾತೆಯ ಸಂಖ್ಯೆಗೆ ಓಟಿಪಿ ಬೇಕು, ಓಟಿಪಿ ಬರುವ ಮೊಬೈಲ್ ಗಂಡನ ಜೇಬಿನಲ್ಲಿ, ಗಂಡ ಬೆಂಗಳೂರಿನಲ್ಲಿ. ಇಷ್ಟಕ್ಕೆ ಆಶಾಗೆ ನಿಗದಿಯಾದ ಪ್ರೋತ್ಸಾಹಧನ ಫಾರ್ಮಿಗೆ 10 ರೂಪಾಯಿ.

ಇಷ್ಟಾದರೂ ಆ ಇಟ್ಟಿಗೆ ಹೊರುವವಳ ಬಿಪಿ ಪತ್ತೆಯಾಯಿತು ಎನ್ನಿ. ಬಿಪಿ ಮಾತ್ರೆ ಆಮ್ಲೊಡಿಪಿನ್ 5 ಮಿ.ಗ್ರಾಂ, ದಿನಕ್ಕೊಂದು. 30 ದಿನದ್ದು ಒಟ್ಟಿಗೆ ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ಕೈಗೆ ಬರುವುದು ಹತ್ತು. ಹತ್ತು ದಿನಕ್ಕೊಮ್ಮೆ ಕೂಲಿ ಬಿಟ್ಟು ಬಸ್ಸು ಹತ್ತಲು ಯಾರಿಗೆ ಸಾಧ್ಯ ಸ್ವಾಮಿ? ಮೂರನೇ ಸಲಕ್ಕೆ ಅವಳು ಬರುವುದಿಲ್ಲ. ಒಂದು ದಿನ ಲಕ್ವ ಹೊಡೆಯುತ್ತದೆ. ಆಗ ‘ಜನರಲ್ಲಿ ಅರಿವಿನ ಕೊರತೆ’ ಎಂದು ಭಾಷಣ ಬಿಗಿಯಲು ನಾಚಿಕೆಯಾಗಬೇಕು.

ಮೇ 17ಕ್ಕೆ ರಕ್ತದೊತ್ತಡ ದಿನ. ಟೀ ಶರ್ಟಿನ ಅಳತೆ ಈಗಲೇ ಕೇಳುತ್ತಿದ್ದಾರೆ. ಎಕ್ಸ್‌ಎಲ್‌ಗೆ ಬೇಡಿಕೆ ಜಾಸ್ತಿಯಂತೆ. ಕಫ್ ಮಾತ್ರ ಅದೇ ಒಂದು ಸೈಜು.